ನಾನು ಹೇಳುದಿಲ್ಲ, ನೀವೇ ಹೇಳಿ

ಒಣಮೀನು ಸುಡುವ ವಾಸನೆ ಬಂದರೆ ಬೇರೆಯವರಿಗೆ ಗಂಜಿ ನೆನಪಾಗುತ್ತದೆ, ನನಗೆ ಟೈಪ್‌ರೈಟರ್ ನೆನಪಾಗುತ್ತದೆ. ಮೊನ್ನೆ ಪಕ್ಕದ ಮನೆಯವರು ಒಣಬಂಗುಡೆ ಸುಡುತ್ತಿದ್ದರು. ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದ ನಾನು ಹಾಗೇ ನಿಂತುಬಿಟ್ಟೆ. ಎಡಗೈಯ ಕಿರುಬೆರಳು ತನ್ನಷ್ಟಕ್ಕೆ ಅಲುಗಿತು. ಪುತ್ತೂರಿನಲ್ಲಿ ನಾನು ಟೈಪಿಂಗ್ ಕಲಿತ ಇನ್‌ಸ್ಟಿಟ್ಯೂಟ್ ಒಂದು ಒಣಮೀನಿನ ಅಂಗಡಿಯ ಮಾಳಿಗೆಯಲ್ಲಿತ್ತು. ಸೋಮವಾರ, ಅಂದರೆ ಸಂತೆಯ ದಿನ, ಕೆಳಗೆ ಹೊಸ ಮೂಟೆ ಬಿಚ್ಚಿದರೆ ಮೇಲೆ ಹತ್ತು ಮಿಷನ್ನುಗಳ ಮುಂದೆ ಕೂತವರೆಲ್ಲ ಒಟ್ಟಿಗೆ ಮೂಗು ಮುಚ್ಚಿಕೊಂಡು ಒಂದೇ ಕೈಯಲ್ಲಿ ಟೈಪ್ ಮಾಡುತ್ತಿದ್ದೆವು. ನನ್ನ ಅರ್ಜಿಗಳೆಲ್ಲ ಅದೇ ವಾಸನೆ ಹೊತ್ತುಕೊಂಡು ಮಂಗಳೂರಿಗೂ ಮಡಿಕೇರಿಗೂ ಹೋದವು. ನನಗೆ ಕೆಲಸ ಸಿಗದಿರುವುದಕ್ಕೆ ಆ ವಾಸನೆಯೇ ಕಾರಣ ಎಂದು ಸ್ವಲ್ಪ ದಿನ ನಂಬಿದ್ದೂ ಉಂಟು. ಹಾಗೆ ನಂಬುವುದು ಸುಲಭವಾಗಿತ್ತು.

ಅದು ಸಾವಿರದ ಒಂಬೈನೂರ ಎಪ್ಪತ್ತೆಂಟರ ಬೇಸಿಗೆ. ನನಗೆ ಇಪ್ಪತ್ತೆರಡು ವರ್ಷ. ನರಿಮೊಗರಿನ ನಮ್ಮ ಮನೆಯಿಂದ ದಿನಾ ಪುತ್ತೂರಿಗೆ ಬಂದು ಟೈಪಿಂಗ್ ಮಾಡುತ್ತಿದ್ದೆ, ಅರ್ಜಿ ಹಾಕುತ್ತಿದ್ದೆ, ಇಂಟರ್‌ವ್ಯೂಗೆ ಕರೆ ಬಂದರೆ ಹೋಗುತ್ತಿದ್ದೆ, ಹೋಗಿ ಬಾಯಿ ಕಟ್ಟಿಸಿಕೊಂಡು ಬರುತ್ತಿದ್ದೆ. ಮಂಗಳೂರಿನ ಒಂದು ಬ್ಯಾಂಕಿನಲ್ಲಿ ಮೂವರು ಸಾಹೇಬರು ಕೂತು, "ನಿಮ್ಮ ಬಗ್ಗೆ ನೀವೇ ಸ್ವಲ್ಪ ಹೇಳಿ" ಅಂದರು. ನಾನು ಮೊದಲು ಎಡಕ್ಕೆ ನೋಡಿದೆ, ಆಮೇಲೆ ಬಲಕ್ಕೆ ನೋಡಿದೆ. ಅವರು ನನಗೆ ಕಿವಿ ಕೇಳಿಸುವುದಿಲ್ಲ ಎಂದು ತಿಳಿದು ಅದೇ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದರು. ಇನ್ನೊಂದು ಕಡೆ ಈ ಕೆಲಸ ಯಾಕೆ ಬೇಕು ಎಂದು ಕೇಳಿದಾಗ, "ಮಾವ ಹೇಳಿದ್ದಾರೆ" ಎಂದು ಉತ್ತರ ಕೊಟ್ಟೆ. "ಅದು ಮಾವ ಹೇಳಿದ್ದಾಯಿತು, ನೀವು ಏನು ಹೇಳುತ್ತೀರಿ?" ಎಂದರು.

ಟೈಪಿಂಗ್ ಕಲಿಸುತ್ತಿದ್ದ ವಾಸು ಮಾಸ್ಟ್ರು ಒಳ್ಳೆಯ ಮನುಷ್ಯ. ನನ್ನ ಬೆರಳು ಇನ್‌ಸ್ಟಿಟ್ಯೂಟಿನಲ್ಲೇ ಎಲ್ಲರಿಗಿಂತ ಚುರುಕು ಎಂದು ಅವರಿಗೆ ಗೊತ್ತಿತ್ತು. ಯಾರಾದರೂ ಬೆನ್ನ ಹಿಂದೆ ನಿಂತರೆ ಅದೇ ಬೆರಳುಗಳು ಒಂದರ ಮೇಲೊಂದು ಬೀಳುತ್ತವೆ ಎಂಬುದೂ ಗೊತ್ತಿತ್ತು. "ಕೆಳಗೆ ಹೋಗಿ ಮೀನಂಗಡಿಯ ಬ್ಯಾರಿಯಲ್ಲಿ ಒಂದು ಸೇರು ಒಣಸಿಗಡಿಗೆ ಚೌಕಾಸಿ ಮಾಡಿ ಬಾ ಮಾರಾಯ್ತಿ. ಬಾಯಿ ಬಿಡ್ಲಿಕ್ಕೆ ಅದಕ್ಕಿಂತ ಒಳ್ಳೆ ಕ್ಲಾಸ್ ಇಲ್ಲ" ಎಂದು ಒಮ್ಮೆ ಕಳಿಸಿದರು. ನಾನು ಹೋಗಿ ಅವನು ಹೇಳಿದಷ್ಟು ಕೊಟ್ಟು, ಉಪಕಾರವಾಯಿತು ಎಂದು ಹೇಳಿ ಬಂದೆ. ಮಾಸ್ಟ್ರು ತಲೆಗೆ ಕೈ ಹೊತ್ತುಕೊಂಡರು.

ಈಗಿನವರು ಆತ್ಮವಿಶ್ವಾಸ ಬೆಳೆಸಿಕೊಳ್ಳಿ, ಆತ್ಮವಿಶ್ವಾಸ ಬೆಳೆಸಿಕೊಳ್ಳಿ ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಾರೆ. ಅದೇನು ಬಸಳೆಯೇ, ಚಪ್ಪರ ಹಾಕಿ ಬೆಳೆಸಲಿಕ್ಕೆ? ನನ್ನ ಬಾಯಿ ಯಾಕೆ ಕಟ್ಟುತ್ತಿತ್ತು ಎಂಬುದಕ್ಕೆ ಒಂದು ಕಾರಣ ಇತ್ತು, ಆ ಕಾರಣ ನಮ್ಮ ಮನೆಯ ಜಗಲಿಯಲ್ಲೇ ಕೂತಿತ್ತು.

ನಮ್ಮದು ಅಳಿಯಕಟ್ಟಿನ ಕುಟುಂಬ. ಮಕ್ಕಳು ತಾಯಿಯ ಮನೆಗೆ ಸೇರಿದವರು, ಮನೆಯ ಯಜಮಾನಿಕೆ ತಾಯಿಯ ಅಣ್ಣನದು. ನನ್ನನ್ನು ಸಾಕಿದ್ದು ಸಂಕಪ್ಪ ಮಾವ. ಅಪ್ಪ ದೂಮಣ್ಣ, ಗುತ್ತಿಗಾರಿನ ತನ್ನ ತಾಯಿಮನೆಯಲ್ಲಿ ಅಕ್ಕನ ಗದ್ದೆ ನೋಡಿಕೊಂಡಿದ್ದು, ತಿಂಗಳಿಗೊಮ್ಮೆ ನಮ್ಮಲ್ಲಿಗೆ ಬಂದು ನಾಲ್ಕು ದಿನ ಇದ್ದು ಹೋಗುತ್ತಿದ್ದರು. ಅದರಲ್ಲಿ ಯಾರಿಗೂ ತಕರಾರು ಇರಲಿಲ್ಲ. ತಕರಾರು ಬಂದದ್ದು ಒಂದು ಎತ್ತಿನಿಂದ. ನಾನು ಒಂಬತ್ತು ವರ್ಷದವಳಿದ್ದಾಗ ಮಾವ ಉಳುಮೆಗೆಂದು ಅಪ್ಪನಿಗೆ ಒಂದು ಜೋಡಿ ಎತ್ತು ಕೊಟ್ಟಿದ್ದರು. ಒಂದು ಎತ್ತು ಕುಂಟಿಕೊಂಡು ವಾಪಸು ಬಂತು. "ಒಂದು ಎತ್ತು ನೋಡಿಕೊಳ್ಳಲಿಕ್ಕೆ ಆಗದವರು ನನ್ನ ತಂಗಿಯನ್ನು ಎಂತ ನೋಡಿಕೊಳ್ತಾರೆ?" ಎಂದು ಮಾವ ಅಂದರು. ಅಪ್ಪ ಅಂದಿನಿಂದ ಮಾವನೊಡನೆ ಮಾತು ಬಿಟ್ಟರು. ಬರುವುದನ್ನು ಮಾತ್ರ ಬಿಡಲಿಲ್ಲ.

ಹದಿಮೂರು ವರ್ಷ ಅವರಿಬ್ಬರೂ ಒಂದೇ ಜಗಲಿಯಲ್ಲಿ ಹತ್ತು ಅಡಿ ದೂರದಲ್ಲಿ ಕೂತು ನನ್ನ ಮೂಲಕ ಮಾತಾಡಿದರು. "ಜಲಜ, ನಿನ್ನ ಮಾವನಲ್ಲಿ ಕೇಳು, ಈ ಸಲ ಎಂತ ಬೀಜ ಹಾಕಿದ್ದು ಅಂತ." "ಜಲಜ, ನಿನ್ನ ಅಪ್ಪನಲ್ಲಿ ಹೇಳು, ಬೀಜದ ವಿಷಯ ಎತ್ತು ಕುಂಟಿಸಿದವರಿಗೆ ಯಾಕೆ ಅಂತ." ಇಬ್ಬರಿಗೂ ಇನ್ನೊಬ್ಬರು ಹೇಳಿದ್ದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆದರೂ ನಾನು ನಡುವೆ ನಿಂತು ಇನ್ನೊಮ್ಮೆ ಹೇಳುವ ತನಕ ಕೇಳಿಸದವರಂತೆ ಕೂತಿರುತ್ತಿದ್ದರು. ಕೆಟ್ಟ ಮಾತುಗಳನ್ನು ನಾನು ಆ ಹತ್ತು ಅಡಿಯಲ್ಲೇ ಉದುರಿಸಿಬಿಟ್ಟು, "ಕೆಂಪು ಬೀಜವಂತೆ ಅಪ್ಪ" ಎಂದು ಹೇಳುತ್ತಿದ್ದೆ. ನಾನು ಹೇಳಿದ್ದೇ ಆಡಿದ ಮಾತು ಎಂದು ಇಬ್ಬರೂ ಒಪ್ಪಿಕೊಂಡಿದ್ದರು. ಹೀಗೆ ಬೆಳೆದ ಹುಡುಗಿಯನ್ನು ಕೂರಿಸಿಕೊಂಡು ನಿನ್ನ ಬಗ್ಗೆ ಹೇಳು ಅಂದರೆ ಅವಳು ಎಡಬಲ ನೋಡದೆ ಇನ್ನೇನು ಮಾಡಬೇಕು? ಯಾರ ಮಾತನ್ನು ದಾಟಿಸಬೇಕು ಎಂದು ಹುಡುಕುತ್ತಿದ್ದೆ. ನನ್ನದೇ ಮಾತು ಎಂದು ಒಂದಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಅಮ್ಮನಿಗೆ ಇದೆಲ್ಲ ತಿಳಿಯುತ್ತಿತ್ತು. "ಈ ಇಬ್ಬರ ನಡುವೆ ನಾನು ಸವೆದದ್ದು ಸಾಕು. ನೀನು ಒಂದು ಕೆಲಸ ಹಿಡಿದು ಹೊರಗೆ ಹೋಗು" ಎನ್ನುತ್ತಿದ್ದರು. ನನಗೂ ಅದೇ ಬೇಕಿತ್ತು. ಕೂತು ಮಾಡುವ ಕೆಲಸ, ನನ್ನದೇ ಆದ ಒಂದು ಕುರ್ಚಿ. ಜಗಲಿಯಲ್ಲಿ ನಿಂತೂ ನಿಂತೂ ಕಾಲು ಸೋತಿತ್ತು.

ಮಾರ್ಚ್ ಕೊನೆಗೆ ಸುಳ್ಯದಿಂದ ಕರೆ ಬಂತು. ಸರಕಾರದ ಒಂದು ಇಲಾಖೆ, ಯಾವುದೆಂದು ಬೇಡ. ಟೈಪಿಸ್ಟ್ ಹುದ್ದೆ ಎರಡು, ಬಂದವರು ಹನ್ನೊಂದು ಮಂದಿ. ಟೈಪಿಂಗ್ ಪರೀಕ್ಷೆ ಚೆನ್ನಾಗಿಯೇ ಆಯಿತು, ಯಾಕೆಂದರೆ ನನ್ನ ಕುರ್ಚಿ ಗೋಡೆಗೆ ಬೆನ್ನಾಗಿತ್ತು, ಹಿಂದೆ ನಿಲ್ಲಲಿಕ್ಕೆ ಯಾರಿಗೂ ಜಾಗ ಇರಲಿಲ್ಲ. ನಾನೇ ಮೊದಲು ಮುಗಿಸಿದೆ. ಆಮೇಲೆ ಒಳಗೆ ಕರೆದರು. ಸಾಹೇಬರು ಘಟ್ಟದ ಮೇಲಿನವರು, ವರ್ಗವಾಗಿ ಬಂದು ಮೂರು ತಿಂಗಳಾಗಿತ್ತಷ್ಟೆ. ಮೇಜಿನ ಬದಿಯಲ್ಲಿ ನಮ್ಮ ಕಡೆಯವರೇ ಒಬ್ಬ ವಯಸ್ಸಾದ ಗುಮಾಸ್ತರು ಸರ್ಟಿಫಿಕೇಟುಗಳನ್ನು ಬಿಡಿಸಿ ಇಡುತ್ತಿದ್ದರು. ಉಳಿದ ಅಭ್ಯರ್ಥಿಗಳು ಬಾಗಿಲ ಬಳಿ ಸಾಲಾಗಿ ನಿಂತಿದ್ದರು.

"ಏನಮ್ಮಾ ಇದು?" ಎಂದರು ಸಾಹೇಬರು. "ಅರ್ಜೀಲಿ ತಂದೆ ಹೆಸರು ದೂಮಣ್ಣ ಅಂತ ಬರೆದಿದ್ದೀಯ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಸಂಕಪ್ಪ ಅಂತಿದೆ. ಬರೋವಾಗ ನಿಮ್ಮ ತಾಯೀನ ಒಂದು ಸಲ ಕೇಳ್ಕೊಂಡು ಬರೋದಲ್ವಾ, ಯಾರು ಅಂತ?"

ಬಾಗಿಲ ಬಳಿ ಇದ್ದವರು ನಕ್ಕರು. ಗುಮಾಸ್ತರು, "ಸಾರ್, ಈ ಕಡೆ ಅಳಿಯಕಟ್ಟು ಅಂತ ಒಂದು..." ಎಂದು ಸುರು ಮಾಡಿದರು. ಸಾಹೇಬರು ಕೈ ಅಡ್ಡ ಹಿಡಿದು ನನ್ನನ್ನೇ ನೋಡಿದರು. ನಾನು ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ.

"ಹದಿನೈದು ದಿನ ಟೈಮ್ ಕೊಡ್ತೀನಿ. ಇಬ್ಬರ ಹತ್ರಾನೂ ಅಫಿಡವಿಟ್ ಮಾಡಿಸ್ಕೊಂಡು ಬಾ. ಒಬ್ಬರು ನಾನು ಅಪ್ಪ ಅಂತ, ಇನ್ನೊಬ್ಬರು ನಾನು ಅಲ್ಲ ಅಂತ. ಇಲ್ಲದಿದ್ರೆ ನಿನ್ನ ಜಾಗ ಮುಂದಿನವರಿಗೆ."

ಪುತ್ತೂರಿನ ಬಸ್ಸಿನಲ್ಲಿ ಕಿಟಕಿ ಬದಿ ಕೂತೆ. ಜಾಲ್ಸೂರು ದಾಟುವಾಗ ಅವರಿಗೆ ಕೊಡಬೇಕಾಗಿದ್ದ ಒಂದು ಉತ್ತರ ಹೊಳೆಯಿತು. ಕಾವು ಬರುವಾಗ ಅದಕ್ಕಿಂತ ಒಳ್ಳೆಯದು ಹೊಳೆಯಿತು. ಕುಂಬ್ರದಲ್ಲಿ ಎಂಥ ಉತ್ತರ ಹೊಳೆಯಿತೆಂದರೆ, ಬಸ್ಸಿನಿಂದ ಇಳಿದು ಸುಳ್ಯದ ಬಸ್ಸು ಹಿಡಿದು ವಾಪಸು ಹೋಗಿ ಹೇಳಿ ಬರೋಣ ಎನ್ನಿಸಿತು. ಇಳಿಯಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ, ಮತ್ತೆ ಅತ್ತದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಮನೆಗೆ ಬಂದು ಅಮ್ಮನಿಗೆ ನಡೆದದ್ದನ್ನೆಲ್ಲ ಹೇಳಿದೆ. ಉದುರಿಸದೆ ಹೇಳಿದೆ. ಅಮ್ಮ ಕೇಳಿ ಮುಗಿಸಿ, "ಅವ ಹಾಗೆ ಹೇಳಿದ್ನಾ? ಅದಕ್ಕೆ ನೀನು ಎಂತ ಹೇಳಿದೆ?" ಎಂದರು.

"ಎಂತ ಇಲ್ಲ."

ಅಮ್ಮ ಬೈಯಲಿಲ್ಲ. ಕೊಡ ಎತ್ತಿಕೊಂಡು ಬಾವಿಕಟ್ಟೆಗೆ ಹೋದರು. ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಹಾಗೆ ಸುಮ್ಮನೆ ಹೋದದ್ದು ನನಗೆ ಇಂದಿಗೂ ಸಹಿಸಲಿಕ್ಕೆ ಆಗುವುದಿಲ್ಲ.

ಮಾವ ಗದ್ದೆಯಲ್ಲಿದ್ದರು. ಸುಗ್ಗಿಯ ಪೈರು ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಸೌತೆ ಹಾಕಿ, ಕೆರೆಯಿಂದ ಕೊಡದಲ್ಲಿ ನೀರು ತಂದು ಒಂದೊಂದೇ ಬುಡಕ್ಕೆ ಹೊಯ್ಯುವುದು ಅವರ ಬೇಸಿಗೆಯ ಕೆಲಸ. ವಿಷಯ ಕೇಳಿ ಕೊಡವನ್ನು ಕೆಳಗಿಟ್ಟರು. ಶಾಲೆಗೆ ಸೇರಿಸುವ ದಿನ ಕೈಹಿಡಿದು ಕರೆದುಕೊಂಡು ಹೋದವರು ಅವರೇ.

"ಹೆಡ್ ಮಾಸ್ಟ್ರು ಕೇಳಿದ್ದು ಮಗುವನ್ನು ನೋಡಿಕೊಳ್ಳುದು ಯಾರು ಅಂತ. ನಾನು ಅಂದೆ. ಅವರು ಯಾವ ಕಾಲಮಿನಲ್ಲಿ ಬರೆದ್ರೋ ನನಗೆಂತ ಗೊತ್ತು? ನಾನು ಹೇಳಿದ್ದು ಸುಳ್ಳಾ?"

"ಸುಳ್ಳಲ್ಲ ಮಾವ."

"ಮತ್ತೆ ಈಗ ವಕೀಲರ ಎದುರು ನಿಂತು ನೀನು ನನ್ನವಳಲ್ಲ ಅಂತ ಹೇಳ್ಬೇಕಾ ನಾನು? ಅದಾಗುದಿಲ್ಲ ಮಗಾ. ನಿನ್ನ ಅಪ್ಪನಲ್ಲಿ ಹೇಳು, ಅವರಿಗೆ ಬೇಕಾದ್ರೆ ಅವರು ಬರ್ಲಿ. ನಾನು ಬರುದಿಲ್ಲ." ಕೊಡ ಎತ್ತಿಕೊಂಡು ಕೆರೆಯ ಕಡೆ ತಿರುಗಿದರು. ಅವರ ಕಣ್ಣಲ್ಲಿ ನೀರಿತ್ತು.

ಮರುದಿನ ಸುಳ್ಯದಲ್ಲಿ ಬಸ್ಸು ಬದಲಿಸಿ ಗುತ್ತಿಗಾರಿಗೆ ಹೋದೆ. ಅಪ್ಪನ ಗದ್ದೆ ಕಾಡಿನ ಅಂಚಿನಲ್ಲಿ. ಆ ವಾರ ಆನೆ ಬಂದು ಬಾಳೆಯನ್ನೆಲ್ಲ ತುಳಿದು ಹಾಕಿತ್ತು. ಅಪ್ಪ ಮುರಿದ ಬೇಲಿಯ ಉದ್ದಕ್ಕೆ ಖಾಲಿ ಡಬ್ಬಗಳನ್ನು ಹಗ್ಗದಲ್ಲಿ ಕಟ್ಟುತ್ತಿದ್ದರು, ಆನೆ ತಾಗಿದರೆ ಸದ್ದಾಗಲಿ ಎಂದು. ಆನೆಯನ್ನು ಡಬ್ಬ ಬಡಿದು ಓಡಿಸುವ ಮನುಷ್ಯ ಹದಿಮೂರು ವರ್ಷದಿಂದ ಸ್ವಂತ ಭಾವನಿಗೆ ಎದುರಾಗಿ ಒಂದು ಮಾತಾಡಿರಲಿಲ್ಲ. ನಾನು ವಿಷಯ ಹೇಳಿದೆ. ಅವರ ಕೈ ಹಗ್ಗದಲ್ಲೇ ನಿಂತಿತು.

"ಹಾಗಾದ್ರೆ ಇಷ್ಟು ವರ್ಷ ನಿನ್ನ ಪುಸ್ತಕದಲ್ಲಿ ನಾನು ಇಲ್ಲವಾ?"

ಅವರಿಗೆ ಗೊತ್ತೇ ಇರಲಿಲ್ಲ. ಶಾಲೆಯ ಪುಸ್ತಕ ನೋಡುವ ಕೆಲಸ ನಮ್ಮಲ್ಲಿ ಅಪ್ಪಂದಿರದ್ದಾಗಿರಲಿಲ್ಲ. ಅಪ್ಪ ಒಂದು ಡಬ್ಬ ಎತ್ತಿ ಬೇಲಿಯ ಆಚೆ ಎಸೆದರು. "ನಿನ್ನ ಮಾವನಲ್ಲಿ ಕೇಳು, ಒಂದು ಎತ್ತು ಕುಂಟಿದ್ದಕ್ಕೆ ನನ್ನ ಮಗಳನ್ನೇ ಬರೆದುಕೊಂಡ್ರಾ ಅಂತ ಕೇಳು!"

ಎತ್ತು ಕುಂಟಿದ್ದು ನಾನು ಶಾಲೆಗೆ ಸೇರಿ ಮೂರು ವರ್ಷದ ನಂತರ. ಅದನ್ನು ಹೇಳಬೇಕೆಂದು ಬಾಯಿ ತೆರೆದೆ. ಹೊರಗೆ ಬಂದದ್ದು ಬೇರೆಯೇ ಮಾತು.

"ನಾನು ಹೇಳುದಿಲ್ಲ ಅಪ್ಪ. ಇನ್ನು ಏನಿದ್ದರೂ ನೀವೇ ಹೇಳಿ."

ಅಪ್ಪ ನನ್ನನ್ನು ನೋಡಿದರು. ನಾನೂ ಆ ದನಿ ಯಾರದ್ದು ಎಂದು ಒಮ್ಮೆ ಯೋಚಿಸಿದೆ. ಬೇಲಿಯ ಗೂಟ ಹಿಡಿದುಕೊಂಡೆ. ಸುರು ಮಾಡಿಯಾಗಿತ್ತು, ನಿಲ್ಲಿಸಲಿಕ್ಕೆ ನನಗೇ ಮನಸ್ಸಿರಲಿಲ್ಲ.

"ಗುರುವಾರ ಹತ್ತು ಗಂಟೆಗೆ ಪುತ್ತೂರಿನಲ್ಲಿ ಕೋರ್ಟಿನ ಎದುರು ವಕೀಲರ ಆಫೀಸು. ಮಾವನನ್ನೂ ಕರೆಯುತ್ತೇನೆ. ನೀವು ಬಾರದಿದ್ರೆ ಪುಸ್ತಕದಲ್ಲಿ ಇದ್ದ ಹೆಸರೇ ಇರ್ತದೆ. ಆಮೇಲೆ ನನ್ನಲ್ಲಿ ಕೇಳ್ಬೇಡಿ."

ಉತ್ತರಕ್ಕೆ ಕಾಯದೆ ಬಸ್ಸಿಗೆ ನಡೆದೆ. ದಾರಿಯುದ್ದಕ್ಕೂ ನನಗೆ ಹೆದರಿಕೆಯೇ ಇತ್ತು, ಆದರೆ ಆ ಹೆದರಿಕೆಯಲ್ಲೂ ಒಂದು ಖುಷಿ ಇತ್ತು. ಸೀದಾ ಗದ್ದೆಗೆ ಬಂದು ಮಾವನಿಗೂ ಅದನ್ನೇ ಹೇಳಿದೆ. ಅವರು ಅಭ್ಯಾಸದಂತೆ, "ನಿನ್ನ ಅಪ್ಪನಲ್ಲಿ..." ಎಂದು ತೊಡಗಿದರು.

"ಇಲ್ಲ ಮಾವ, ನಾನಿನ್ನು ನಡುವೆ ನಿಲ್ಲುದಿಲ್ಲ. ಕೆಲಸ ಸಿಕ್ಕಿದ್ರೂ ನಿಲ್ಲುದಿಲ್ಲ, ಸಿಗದಿದ್ರೂ ನಿಲ್ಲುದಿಲ್ಲ. ಮತ್ತೊಂದು. ಅಪ್ಪ ಅಲ್ಲ ಅಂತ ನೀವು ಹೇಳುದೇ ಬೇಡ. ನಾನು ಅವಳ ಮಾವ ಅಂತ ಹೇಳಿ. ಅದು ಯಾವುದರಲ್ಲಿ ಕಡಿಮೆ?"

ಮಾವ ಸೌತೆಯ ಬಳ್ಳಿಗೆ ನೀರು ಹೊಯ್ಯುತ್ತಲೇ ಇದ್ದರು. ಒಂದೇ ಬುಡಕ್ಕೆ ಮೂರು ಸಲ ಹೊಯ್ದರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಗುರುವಾರ ನಾನು ಒಂಬತ್ತಕ್ಕೇ ಹೋಗಿ ವಕೀಲರ ಬಾಗಿಲಲ್ಲಿ ನಿಂತೆ. ಅಪ್ಪ ಮೊದಲ ಬಸ್ಸಿಗೇ ಬಂದು ಎದುರಿನ ಹೋಟೆಲಿನಲ್ಲಿ ಕೂತಿದ್ದರು, ಮದುವೆಗೆ ಹಾಕುವ ಬಿಳಿ ಅಂಗಿಯಲ್ಲಿ. ಮಾವ ಹತ್ತೂಕಾಲಿಗೆ ಒಂದು ಗೋಣಿಯಲ್ಲಿ ಸೌತೆಕಾಯಿ ಹೊತ್ತುಕೊಂಡು ಬಂದರು. ತಾನು ಬಂದದ್ದು ಸೌತೆ ಮಾರಲಿಕ್ಕೆ, ದಾರಿಯಲ್ಲಿ ಸುಮ್ಮನೆ ಇಣುಕಿದ್ದು ಎಂಬ ಮುಖ ಮಾಡಿದ್ದರು. ಗುರುವಾರ ಪುತ್ತೂರಿನಲ್ಲಿ ಸಂತೆಯೇ ಇಲ್ಲ.

ಬೆಂಚಿನ ಆ ತುದಿಯಲ್ಲಿ ಒಬ್ಬರು, ಈ ತುದಿಯಲ್ಲಿ ಒಬ್ಬರು ಕೂತರು. ವಕೀಲರು ವಿಷಯ ಏನೆಂದು ಕೇಳಿದರು. ಅಪ್ಪ ನನ್ನ ಕಡೆ ನೋಡಿ, "ಜಲಜ, ಹೇಳು" ಎಂದರು. ಮಾವನೂ, "ಹೇಳು ಮಗಾ" ಎಂದರು. ನಾನು ಕಿಟಕಿಯ ಹೊರಗೆ ನೋಡಿದೆ. ರಸ್ತೆಯಲ್ಲಿ ಒಬ್ಬ ಹಲಸಿನ ಹಣ್ಣಿನ ಗಾಡಿ ತಳ್ಳಿಕೊಂಡು ಹೋಗುತ್ತಿದ್ದ. ಅವನು ಕೋರ್ಟಿನ ಗೇಟು ದಾಟಿ ತಿರುವಿನಲ್ಲಿ ಕಾಣೆಯಾಗುವ ತನಕ ಆ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಇಷ್ಟು ವರ್ಷ ಬಾಯಿ ಕಟ್ಟಿ ಸುಮ್ಮನಿದ್ದವಳು ಅವತ್ತು ಬೇಕೆಂದೇ ಸುಮ್ಮನಿದ್ದೆ. ಎರಡಕ್ಕೂ ಇರುವ ವ್ಯತ್ಯಾಸ ನನಗೆ ಅಲ್ಲಿ ತಿಳಿಯಿತು.

"ನಿಮ್ಮಿಬ್ಬರಲ್ಲಿ ಮಾತು ಬಾರದವರು ಯಾರು ಮಾರಾಯ್ರೆ?" ಎಂದು ವಕೀಲರು ಸಿಟ್ಟಿನಿಂದ ಕೇಳಿದರು.

ಕೊನೆಗೆ ಮಾವ ಎದ್ದು ನಿಂತರು. "ನಾನು ಇವಳ ಮಾವ. ತಾಯಿಯ ಅಣ್ಣ." ಸ್ವಲ್ಪ ತಡೆದು ಅಪ್ಪನ ಕಡೆ ಕೈ ತೋರಿಸಿದರು. "ಇವಳ ಅಪ್ಪ ಇವರು. ಅದರಲ್ಲಿ ಸಂಶಯ ಇಲ್ಲ."

ವಕೀಲರ ಟೈಪಿಸ್ಟ್ ಅಂದು ರಜೆ. ನಾನೇ ಸ್ಟಾಂಪು ಕಾಗದ ಏರಿಸಿ ಕೂತೆ. ಇಬ್ಬರೂ ನನ್ನ ಬೆನ್ನ ಹಿಂದೆ ಬಂದು ನಿಂತರು. ಹೀಗೆ ನಿಂತರೆ ನನ್ನ ಬೆರಳು ಏನಾಗುತ್ತದೆಂದು ಮೊದಲೇ ಹೇಳಿದ್ದೇನೆ. ಸುರುವಿನ ಎರಡು ಸಾಲು ಕಷ್ಟವೇ ಆಯಿತು, ಒಂದು ಅಕ್ಷರ ತಪ್ಪಿ ಉಜ್ಜಿ ತೆಗೆದೆ. ಆಮೇಲೆ ಅಪ್ಪನ ಹೆಸರು ಬಂತು. ಅದನ್ನು ಒತ್ತಿ ಒತ್ತಿ ಹೊಡೆದೆ. ಅಲ್ಲಿಂದ ಮುಂದೆ ಯಾರು ಹಿಂದೆ ನಿಂತಿದ್ದಾರೆ ಎಂಬುದು ಮರೆತೇಹೋಯಿತು.

"ಸಾಕಿದ್ದು ನಾನು ಅಂತ ಹಾಕು" ಎಂದರು ಮಾವ.

"ಅದೆಲ್ಲ ಬೇಕಾಗುದಿಲ್ಲ ಇದರಲ್ಲಿ" ಎಂದರು ವಕೀಲರು.

"ಹಾಕಲಿ. ಅದು ಸತ್ಯ ಅಲ್ವಾ?" ಎಂದದ್ದು ಅಪ್ಪ.

ಹಾಕಿದೆ. ಕಾಗದ ತೆಗೆದು ಅಪ್ಪನ ಕೈಗೆ ಕೊಟ್ಟೆ. ಅವರು ಅದನ್ನು ದೂರ ಹಿಡಿದರು, ಹತ್ತಿರ ಹಿಡಿದರು. ನನ್ನನ್ನು ನೋಡಿದರು, ನಾನು ರಿಬ್ಬನ್ನು ಸರಿಮಾಡುವ ಹಾಗೆ ತಲೆ ಬಗ್ಗಿಸಿದೆ. ಆಗ ಹದಿಮೂರು ವರ್ಷದಲ್ಲಿ ಮೊದಲ ಸಲ ಅವರು ಮಾವನ ಕಡೆ ನೇರ ತಿರುಗಿದರು.

"ಭಾವ, ನಿಮ್ಮ ಕನ್ನಡಕ ಒಮ್ಮೆ ಕೊಡಿ. ಓದಿ ಸೈನ್ ಹಾಕುವ."

ಮಾವ ಕನ್ನಡಕ ತೆಗೆದು, ಪಂಚೆಯ ತುದಿಯಲ್ಲಿ ಒರಸಿ ಕೊ​ಟ್ಟರು. ಇಬ್ಬರೂ ಒಂದೇ ಕನ್ನಡಕದಲ್ಲಿ ಓದಿ ಸಹಿ ಮಾಡಿದರು. ಬಸ್‌ಸ್ಟ್ಯಾಂಡಿನ ತನಕ ಎತ್ತಿನ ವಿಷಯದಲ್ಲಿ ದೊಡ್ಡ ಸ್ವರದಲ್ಲಿ ಜಗಳಾಡಿಕೊಂಡೇ ಬಂದರು. ಎತ್ತಿನ ಕಾಲಿನಲ್ಲಿ ಮೊದಲೇ ಹುಣ್ಣಿತ್ತು ಎಂದು ಅಪ್ಪ, ಇರಲಿಲ್ಲ ಎಂದು ಮಾವ. ರಸ್ತೆಯ ಜನ ತಿರುಗಿ ನೋಡುತ್ತಿದ್ದರು. ನಾನು ನಾಲ್ಕು ಮಾರು ಮುಂದೆ ಒಬ್ಬಳೇ ನಡೆದೆ, ನಗುತ್ತಾ ನಡೆದೆ.

ಸೋಮವಾರ ಸುಳ್ಯಕ್ಕೆ ಹೋದೆ. ಎಂದಿನ ಹೆದರಿಕೆ ಜೊತೆಗೇ ಬಂತು. ಇರಲಿ ಎಂದು ಬಿಟ್ಟೆ. ಸಾಹೇಬರು ಕಾಗದ ಓದಿ, ಗುಮಾಸ್ತರ ಕಡೆ ಸರಿಸಿ, "ಸರಿ, ಇಟ್ಟು ಹೋಗು" ಎಂದರು.

"ಒಂದು ಮಾತುಂಟು ಸರ್."

"ಏನು?"

"ಆ ದಿನ ಎಲ್ಲರ ಎದುರು ನನ್ನ ತಾಯಿಯ ಬಗ್ಗೆ ಒಂದು ಮಾತು ಹೇಳಿದ್ರಿ. ಅದನ್ನು ವಾಪಸ್ ತೆಗೊಳ್ಳಿ."

ಗುಮಾಸ್ತರ ಕೈಯ ಪೆನ್ನು ನಿಂತಿತು. ಸಾಹೇಬರು ಮೊದಲು ನಗಲು ನೋಡಿದರು. "ತಮಾಷೆಗೆ ಹೇಳಿದ್ದು ಕಣಮ್ಮ ಅದು."

"ನಗಾಡಿದ್ದು ನೀವೆಲ್ಲ ಸರ್, ನನ್ನ ತಾಯಿ ನಗಾಡ್ಲಿಲ್ಲ. ನಮ್ಮಲ್ಲಿ ಮಕ್ಕಳು ತಾಯಿಮನೆಯವರು. ನನಗೆ ಅಪ್ಪ ಒಬ್ಬರೇ, ಸಾಕಿದ ಮಾವ ಒಬ್ಬರು. ನಿಮ್ಮ ಫಾರ್ಮಿನಲ್ಲಿ ಇಬ್ಬರಿಗೆ ಜಾಗ ಇಲ್ಲದಿದ್ರೆ ಅದು ಫಾರ್ಮಿನ ತಪ್ಪು."

ಅವರ ಮುಖ ಕೆಂಪಾಯಿತು. "ಕೆಲಸ ಬೇಕೋ ಬೇಡ್ವೋ ನಿನಗೆ?"

"ಬೇಕು ಸರ್. ಕೆಲಸವೂ ಬೇಕು, ಆ ಮಾತೂ ವಾಪಸ್ ಬೇಕು."

ನಾನು ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ. ಸಾಹೇಬರು ಒಂದು ಫೈಲು ಬಿಡಿಸಿ ಓದಲು ಕೂತರು. ಮಾತು ವಾಪಸು ತೆಗೆದುಕೊಳ್ಳಲಿಲ್ಲ. ಹೋಗು ಎಂದೂ ಹೇಳಲಿಲ್ಲ, ಹಾಗಾಗಿ ನಾನು ಸ್ವಲ್ಪ ಹೊತ್ತು ನಿಂತೇ ಇದ್ದೆ, ಅವರು ಒಂದೇ ಪುಟವನ್ನು ಓದುತ್ತಿರುವುದು ಕಂಡ ಮೇಲೆ ಹೊರಟೆ. ಗುಮಾಸ್ತರು ಮೆಟ್ಟಿಲ ತನಕ ಹಿಂದೆ ಬಂದು, "ಎಂತ ಮಾಡಿದ್ರಿ ನೀವು? ಲಿಸ್ಟಿನಲ್ಲಿ ನಿಮ್ಮದೇ ಮೊದಲ ಹೆಸರು ಇದ್ದದ್ದು. ಹೋಯ್ತು ಇನ್ನು" ಎಂದು ಕೈ ಅಲ್ಲಾಡಿಸಿದರು.

ಬಸ್‌ಸ್ಟ್ಯಾಂಡಿಗೆ ಬಂದು ಅಳು ಬರಬಹುದೆಂದು ಕಾದೆ. ಬಂದದ್ದು ಹಸಿವು. ಹೋಟೆಲಿಗೆ ಹೋಗಿ ಎರಡು ಪ್ಲೇಟು ಗೋಳಿಬಜೆ ತಿಂದೆ. ಒಬ್ಬಳೇ ಹೋಟೆಲಿಗೆ ಹೋದದ್ದು ಅದೇ ಮೊದಲು ಎಂಬುದು ಕೈ ತೊಳೆಯುವಾಗ ನೆನಪಾಯಿತು. ಆ ದಿನ ಬಸ್ಸಿನಲ್ಲಿ ಜಾಲ್ಸೂರು, ಕಾವು, ಕುಂಬ್ರ ಎಲ್ಲ ದಾಟಿದರೂ ಒಂದು ಉತ್ತರವೂ ಹೊಳೆಯಲಿಲ್ಲ. ಎಲ್ಲವನ್ನೂ ಅಲ್ಲೇ ಹೇಳಿಯಾಗಿತ್ತು. ಮನೆಯಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ಒಲೆಯ ಮುಂದಿನಿಂದ ಏಳದೆ, "ಅಷ್ಟೂ ಹೇಳಿದ್ಯಾ?" ಎಂದು ಎರಡು ಸಲ ಕೇಳಿದರು. ಎರಡು ಸಲವೂ ಹೌದು ಎಂದೆ.

ಮರುದಿನವೇ ಪುತ್ತೂರಿಗೆ ಹೋಗಿ ಮತ್ತೊಂದು ಕಡೆಗೆ ಅರ್ಜಿ ಟೈಪ್ ಮಾಡಿದೆ. ಅದರ ಮರುದಿನ ಇನ್ನೊಂದು. ವಾಸು ಮಾಸ್ಟ್ರು ಬೇಕೆಂದೇ ಬೆನ್ನ ಹಿಂದೆ ಬಂದು ನಿಂತರು, ನಿಲ್ಲಲಿ ಎಂದು ಬಿಟ್ಟೆ. ಹೆದರಿಕೆ ಪೂರ್ತಿ ಹೋಯಿತೆಂದರೆ ಸುಳ್ಳಾಗುತ್ತದೆ. ಅದು ಬಂದಾಗ ಬರಲಿ, ಅದರ ಮಾತನ್ನು ದಾಟಿಸುವ ಕೆಲಸ ಮಾತ್ರ ನನ್ನದಲ್ಲ ಎಂದು ತೀರ್ಮಾನ ಮಾಡಿಕೊಂಡಿದ್ದೆ.

ಜೂನ್ ಎರಡನೇ ವಾರ ಸುಳ್ಯದ ಲಕೋಟೆ ಬಂತು. ನೇಮಕದ ಆದೇಶ. ಆದರೆ ಸುಳ್ಯಕ್ಕಲ್ಲ, ಕಡಬದ ಸಣ್ಣ ಕಚೇರಿಗೆ. ಆಗ ಅಲ್ಲಿಗೆ ಬಸ್ಸು ಕಡಿಮೆ, ಮಳೆಗಾಲದಲ್ಲಿ ಹೊಳೆ ಉಕ್ಕಿದರೆ ಅದೂ ಇಲ್ಲ. ಮೊದಲ ಹೆಸರಿನವಳಿಗೆ ಕಡಬ, ಸುಳ್ಯದ ಅವಳ ಜಾಗ ಲಿಸ್ಟಿನ ಮೂರನೆಯವನಿಗೆ. ಅದು ಶಿಕ್ಷೆಯೇ ಎಂದು ಎಲ್ಲರೂ ಹೇಳಿದರು. ಅಪ್ಪ ಮತ್ತು ಮಾವ ಜಗಲಿಯಲ್ಲಿ ಅಕ್ಕಪಕ್ಕ ಕೂತು, ಇವಳು ಹೋಗಬೇಕೋ ಬೇಡವೋ ಎಂದು ಜೋರಾಗಿ ಚರ್ಚೆ ಮಾಡುತ್ತಿದ್ದರು. ನಾನು ಒಳಗೆ ಸೀರೆ ಮಡಚುತ್ತಿದ್ದೆ. ನನ್ನಲ್ಲಿ ಕೇಳಬೇಕೆಂದು ಅವರಿಗೆ ಹೊಳೆಯುವ ಮೊದಲೇ ಪೆಟ್ಟಿಗೆ ಕಟ್ಟಿಯಾಗಿತ್ತು.

ಕಡಬದ ಕಚೇರಿ ಅಂದರೆ ಒಂದು ಕೋಣೆ, ಮೂರು ಮೇಜು, ಒಂದು ಹಳೇ ಮಿಷನ್ನು. ನಾನು ತಲುಪುವ ಮೊದಲೇ ಸುದ್ದಿ ಸುಳ್ಯದಿಂದ ಬಂದು ತಲುಪಿತ್ತು. ಹೆಡ್ ಕ್ಲಾರ್ಕ್ ನನ್ನ ಆದೇಶವನ್ನು ಓದಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಸಾಹೇಬರಲ್ಲಿ ಮಾತು ವಾಪಸ್ ಕೇಳಿದವರು ನೀವೇ ಅಲ್ವಾ?"

"ಹೌದು."

ಉಳಿದ ಇಬ್ಬರೂ ತಲೆಯೆತ್ತಿದರು. ಹೆಡ್ ಕ್ಲಾರ್ಕ್ ನನ್ನ ಕುರ್ಚಿಯನ್ನು ತೋರಿಸುತ್ತಾ ಸ್ವರ ತಗ್ಗಿಸಿ ಕೇಳಿದರು, "ಕೊಟ್ರಾ?"

ನಾನು ಕುರ್ಚಿ ಎಳೆದು ಕೂತೆ.

"ಇಲ್ಲ. ಇನ್ನೊಮ್ಮೆ ಹೋಗಿ ಕೇಳ್ಬೇಕು."